ಕೆಡಹಿದ ಮನೆಯ ಮೋಪು, ಹೊಸ ಮನೆಯ ಚಾವಡಿ

ಕರಾವಳಿಯ ಪೇಟೆಗಳ ಅಂಚಿನಲ್ಲಿ ಹಳೆಯ ಮೋಪು ಮಾರುವ ಅಂಗಳಗಳಿವೆ. ಅಲ್ಲಿ ಬಾಗಿಲುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ದಾರಂದಗಳು ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತಿರುತ್ತವೆ. ಪಕ್ಕಾಸು, ರೀಪುಗಳ ರಾಶಿ ಒಂದೆಡೆಯಾದರೆ ಮಸಿ ಹಿಡಿದ ಹಂಚಿನ ಸಾಲು ಇನ್ನೊಂದೆಡೆ. ಮೂಲೆಯಲ್ಲಿ ಭತ್ತದ ಪತ್ತಾಯವೊಂದು, ಕಾಲು ಮುರಿದ ತೊಟ್ಟಿಲು, ಸರಪಳಿ ಕಳಚಿದ ತೂಗುಮಂಚ. ಒಂದು ಕಾಲಕ್ಕೆ ಇವೆಲ್ಲ ಯಾವುದೋ ಮನೆಯ ಚಾವಡಿಯಲ್ಲಿ, ಅಟ್ಟದಲ್ಲಿ, ಒಳಕೋಣೆಯಲ್ಲಿ ತಮ್ಮ ತಮ್ಮ ಜಾಗದಲ್ಲಿದ್ದವು. ಈಗ ಅವುಗಳಿಗೆ ಅಡಿಯ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಲಾಗುತ್ತದೆ. ಕೊಳ್ಳುವವರಿಗೇನೂ ಬರವಿಲ್ಲ. ಹೊಸ ಮನೆಗೆ ಹಳತರ ಕಳೆ ಬೇಕೆಂಬ ಆಸೆ ನಮ್ಮ ಕಡೆಯೂ ಬೆಳೆದಿದೆ.

ಈ ಆಸೆ ತಪ್ಪಲ್ಲ. ಎಪ್ಪತ್ತು ಎಂಬತ್ತು ವರ್ಷ ಒಣಗಿ ಹದಗೊಂಡ ಹಲಸಿನ ತೊಲೆಯೊಂದನ್ನು ಒಲೆಗೆ ಹಾಕುವುದಕ್ಕಿಂತ ಬೆಂಚಾಗಿಸುವುದು ಎಷ್ಟೋ ಲೇಸು. ಆದರೆ ಗಡಿನಾಡಿನ ನಮಗೆ ಈ ವಿಷಯದಲ್ಲಿ ಅಲಂಕಾರಕ್ಕಿಂತ ಹೆಚ್ಚಿನ ಒಂದು ಪ್ರಶ್ನೆಯೂ ಅಡಗಿದೆ. ಒಂದು ಮನೆ ಬೀಳುವಾಗ ಅದರ ಮರ ಮಾತ್ರ ಹೊರಬರುವುದಿಲ್ಲ. ಅಟ್ಟದ ಕಾಗದ ಪತ್ರಗಳು, ಪೆಟ್ಟಿಗೆಯ ತಾಳೆಗರಿಗಳು, ದಾರಂದದ ಮೇಲೆ ಕೆತ್ತಿದ ಕನ್ನಡದ ಅಂಕಿಗಳು ಕೂಡ ಹೊರಬರುತ್ತವೆ. ಯಾವುದನ್ನು ಎತ್ತಿಕೊಳ್ಳುತ್ತೇವೆ, ಯಾವುದನ್ನು ಗುಜರಿಯವನ ಚೀಲಕ್ಕೆ ಹಾಕುತ್ತೇವೆ ಎಂಬುದನ್ನು ಒಂದೆರಡು ದಿನಗಳ ಗಡಿಬಿಡಿಯಲ್ಲಿ ತೀರ್ಮಾನಿಸಿಬಿಡುತ್ತೇವೆ.

ಮನೆಗಳು ಏಕೆ ಬೀಳುತ್ತಿವೆ ಎಂಬುದಕ್ಕೆ ಕಾರಣಗಳು ಹಲವು. ಕೂಡುಕುಟುಂಬ ಒಡೆದು ಪಾಲಾದಾಗ ಭೂಮಿಯನ್ನು ಅಳೆದು ಹಂಚಬಹುದು. ನಡುವಿನ ಮನೆಯನ್ನು ಹಂಚುವುದು ಕಷ್ಟ. ಒಬ್ಬನ ಪಾಲಿಗೆ ಬಂದ ದೊಡ್ಡ ಮನೆಯ ಮಾಡಿನ ಕೆಲಸ ವರ್ಷವರ್ಷವೂ ಅವನೊಬ್ಬನ ಹೆಗಲಿಗೇ ಬೀಳುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಎರಡು ಮಳೆಗಾಲ ಹಂಚು ಸರಿಪಡಿಸದಿದ್ದರೆ ಸಾಕು, ಮೂರನೆಯದರಲ್ಲಿ ಮುಚ್ಚಿಗೆ ಕೊಳೆಯತೊಡಗುತ್ತದೆ. ಹೆದ್ದಾರಿಯ ಅಗಲೀಕರಣಕ್ಕೆ ತಲಪಾಡಿಯಿಂದ ಈಚೆ ರಸ್ತೆಬದಿಯ ಎಷ್ಟೋ ಮನೆ ಅಂಗಡಿಗಳು ಹೋದವು. ಇವೆಲ್ಲ ಕಣ್ಣಿಗೆ ಕಾಣುವ ಕಾರಣಗಳು. ಕಾಣದ ಇನ್ನೊಂದಿದೆ: ದೊಡ್ಡ ಮನೆಗಳ ಗಾತ್ರವೇ ಗೇಣಿಯ ವ್ಯವಸ್ಥೆಯ ಮೇಲೆ ನಿಂತಿತ್ತು. ಕೇರಳದ ಭೂಸುಧಾರಣಾ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದು ಗೇಣಿ ಪದ್ಧತಿ ಕೊನೆಗೊಂಡಾಗ, ಗೇಣಿಯ ಅಕ್ಕಿ ಭತ್ತ ತುಂಬುತ್ತಿದ್ದ ಪತ್ತಾಯಗಳು ಬರಿದಾದವು. ಇಂದು ಯಾವುದೋ ನಗರದ ವಸತಿಗೃಹದ ಸ್ವಾಗತಕೋಣೆಯಲ್ಲಿ ಮೇಜಾಗಿ ನಿಂತಿರುವ ಪತ್ತಾಯಕ್ಕೆ ಹಿಂದೆ ಭತ್ತ ಅಳೆದು ಸುರಿದವನ ಮೊಮ್ಮಗನಿಗೆ ಈಗ ಸ್ವಂತ ಭೂಮಿಯಿದೆ. ಆದುದರಿಂದ ಹಳೆಯ ವಸ್ತುವನ್ನು ಕಂಡ ಕೂಡಲೇ ಹಳೆಯ ಕಾಲವನ್ನೇ ಹಾಡಿ ಹೊಗಳುವ ಅಗತ್ಯವಿಲ್ಲ. ಮರ ಚೆನ್ನಾಗಿದೆ, ಕೆಲಸ ಚೆನ್ನಾಗಿದೆ. ಅಷ್ಟು ಹೇಳಿದರೆ ಸಾಕು.

ಇದ್ದುದನ್ನು ಮತ್ತೆ ಬಳಸುವುದು ನಮಗೆ ಹೊರಗಿನವರು ಕಲಿಸಿದ ಪಾಠವೂ ಅಲ್ಲ. ಮನೆಯ ಮಾಡು ಬಿಚ್ಚಿದರೆ ಒಳ್ಳೆಯ ಹಂಚು ಹೊಸ ಮಾಡಿಗೆ, ಅಂಚು ಮುರಿದದ್ದು ಹಟ್ಟಿಗೆ, ಚೂರಾದದ್ದು ಅಂಗಳದ ಕೆಸರಿಗೆ ಹೋಗುತ್ತಿತ್ತು. ತೊಲೆ ಸವೆದರೆ ಕಡಿದು ಜಂತಿ, ಜಂತಿ ಸವೆದರೆ ರೀಪು, ಕೊನೆಗೆ ಬಚ್ಚಲ ಒಲೆಗೆ ಸೌದೆ. ಗಡಿಯ ಮತ್ತೊಂದು ತುದಿಯಲ್ಲಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡಿಗರ ಮನೆಗಳಲ್ಲಿ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಹೊಲಿಯುವ ಕೌದಿ ಇದೇ ಬುದ್ಧಿಯ ಮಗಳು. ಅದನ್ನು ಗೋಡೆಗೆ ತೂಗುಹಾಕುವ ಕಲಾಕೃತಿಯೆಂದು ನಗರದವರು ಈಚೆಗೆ ಕಂಡುಕೊಂಡಿದ್ದಾರೆ. ಹೊದ್ದು ಮಲಗುವವರು ಮೊದಲೇ ಕಂಡುಕೊಂಡಿದ್ದರು.

ಹಳೆಯ ಮನೆಯ ಮರವನ್ನು ಹೊಸ ಮನೆಗೆ ಸೇರಿಸಬಾರದು ಎಂಬ ವಾಸ್ತುವಿನ ಮಾತೂ ಚಾಲ್ತಿಯಲ್ಲಿದೆ. ನಂಬುವವರು ನಂಬಲಿ. ಆದರೆ ಮರದ ಗೂಟ, ಕಚ್ಚುಗಳ ಮೇಲೆ ನಿಂತ ನಮ್ಮ ಹಳೆಯ ಮಾಡುಗಳನ್ನು ಬಿಚ್ಚಿ ಮತ್ತೆ ಜೋಡಿಸಲು ಬರುವಂತೆಯೇ ಕಟ್ಟಿದ್ದರೆಂಬುದನ್ನು ಯಾವ ಬಡಗಿಯೂ ತೋರಿಸಿಕೊಡಬಲ್ಲ.

ಈ ಬಿಚ್ಚಿ ಜೋಡಿಸುವ ಗುಣವನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡವರು ಮಣಿಪಾಲದ ವಿಜಯನಾಥ ಶೆಣೈಯವರು. ಮೊದಲು ತಮ್ಮ ವಾಸದ ಮನೆಯಾದ ಹಸ್ತಶಿಲ್ಪವನ್ನು ಕೆಡಹಿದ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಗಳಿಂದ ಕಟ್ಟಿದರು. ಬಳಿಕ ಕುಂಜೂರು ಚೌಕಿಮನೆ, ಹರ್ಕೂರು ಒಳಗಿನ ಮನೆ ಮೊದಲಾದ ಇಡೀ ಮನೆಗಳನ್ನೇ ಬಿಚ್ಚಿ ತಂದು ಹೊಸ ಜಾಗದಲ್ಲಿ ನಿಲ್ಲಿಸಿದರು. ಅಲ್ಲಿ ಕಂಬವೊಂದು ಅಲಂಕಾರದ ತುಂಡಾಗಿ ನಿಂತಿಲ್ಲ. ತನ್ನ ಮಾಡನ್ನು ತಾನೇ ಹೊತ್ತು ನಿಂತಿದೆ. ಎಲ್ಲರಿಗೂ ಇದು ಸಾಧ್ಯವಿಲ್ಲ, ನಿಜ. ಸಾಮಾನ್ಯನಿಗೆ ಹೆಚ್ಚು ಹತ್ತಿರದ ಮೇಲ್ಪಂಕ್ತಿ ಲಾರಿ ಬೇಕರ್ ಅವರದು. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ಅಲ್ಲಿಯೇ ತೀರಿಕೊಂಡ ಈ ವಾಸ್ತುಶಿಲ್ಪಿ ಹಳೆಯ ಬಾಗಿಲು ಕಿಟಕಿ, ಒಡೆದ ಹಂಚು, ಬಣ್ಣದ ಬಾಟಲಿಗಳನ್ನು ಯಾವ ಸಂಕೋಚವೂ ಇಲ್ಲದೆ ಮನೆಗಳಲ್ಲಿ ಕೂಡಿಸಿದರು. ಅವರಿಗೆ ಇದು ಬೆಡಗಲ್ಲ, ಖರ್ಚು ಇಳಿಸುವ ಉಪಾಯ. ಬೆಡಗು ತಾನಾಗಿ ಬಂತು.

ಈಗ ಮರದ ವಿಷಯ. ಹಳೆಯ ಮೋಪು ಕೊಳ್ಳಲು ಹೋಗುವಾಗ ಮಸಿಗೆ, ಬೂದು ಬಣ್ಣಕ್ಕೆ ಮೋಸಹೋಗಬಾರದು. ಮೇಲಿನ ಒಂದು ನೂಲಿನಷ್ಟನ್ನು ಕೀಸುಳಿಯಿಂದ ತೆಗೆದರೆ ತೇಗದ ಕಂದು, ಹಲಸಿನ ಹಳದಿ, ಬೀಟಿಯ ಕಪ್ಪುಗೆರೆ ತಾನಾಗಿ ಕಾಣಿಸುತ್ತದೆ. ಒಂದು ಮೂಲೆಯಲ್ಲಿ ಹಾಗೆ ಕೀಸಿ ತೋರಿಸಲು ಮಾರುವವನು ಒಪ್ಪದಿದ್ದರೆ ಮುಂದಿನ ಅಂಗಳಕ್ಕೆ ಹೋಗುವುದು ಒಳ್ಳೆಯದು. ಕಿರಾಲುಬೋಗಿಯ ಪಕ್ಕಾಸು ಸಿಕ್ಕಿದರೆ ಅದೃಷ್ಟ. ಗೆದ್ದಲಿಗೆ ಬಗ್ಗದ ಆ ಮರ ಈಗ ಸುಲಭವಾಗಿ ಸಿಗುವಂಥದ್ದಲ್ಲ. ಆದರೆ ಅದು ಉಳಿಗೂ ಅಷ್ಟು ಸುಲಭದಲ್ಲಿ ಬಗ್ಗುವುದಿಲ್ಲ. ಕೂಲಿಯ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಬೇಕು.

ತುದಿಗಳನ್ನು ಮುಖ್ಯವಾಗಿ ನೋಡಬೇಕು. ಪಕ್ಕಾಸಿನ ಕೆಳತುದಿ ಮಾಡಿನ ಅಂಚಿನಲ್ಲಿದ್ದು ಮಳೆ ಕುಡಿದಿರುತ್ತದೆ; ತೊಲೆಯ ತುದಿ ಗೋಡೆಯೊಳಗೆ ಹೂತು ಪಸೆ ಹೀರಿರುತ್ತದೆ; ದಾರಂದದ ಪಾದ ನೆಲಕ್ಕೆ ತಾಗಿ ಕುಂಬಾಗಿರುತ್ತದೆ. ಇಷ್ಟನ್ನು ಕಡಿದು ಎಸೆದ ಮೇಲೆ ಉಳಿಯುವ ಉದ್ದವೇ ನಿಮ್ಮದು. ಹಣ ಕೊಡುವುದೂ ಅಷ್ಟಕ್ಕೇ ಆಗಬೇಕು. ಮರದ ಮೇಲೆ ಸಣ್ಣ ತೂತುಗಳಿದ್ದು ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಒಳಗೆ ಕುಟ್ಟೆಹುಳು ಇನ್ನೂ ಬದುಕಿದೆ. ತೂತಿದ್ದು ಪುಡಿಯಿಲ್ಲದಿದ್ದರೆ ಹುಳು ಹೋಗಿ ಬಹುಕಾಲವಾಗಿರಬಹುದು. ಮರದ ಕೆಳಗೊಂದು ಕಪ್ಪು ಬಟ್ಟೆ ಹಾಸಿ ವಾರ ಕಾದರೆ ಸಂಶಯ ತೀರುತ್ತದೆ. ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ಬೆರೆಸಿದ ದ್ರಾವಣವನ್ನು ಚೆನ್ನಾಗಿ ಹೀರುವಷ್ಟು ಹಚ್ಚುವುದು ಮನೆಯೊಳಗಿನ ಮರಕ್ಕೆ ಸಾಕಾಗುವ ಮದ್ದು. ಹೊರಗಿಡುವ ಮರಕ್ಕೆ ಇದು ಆಗದು. ಬೋರಾಕ್ಸ್ ನೀರಿನಲ್ಲಿ ಕರಗುವಂಥದ್ದಾದ್ದರಿಂದ ಮಳೆ ಅದನ್ನು ತೊಳೆದುಬಿಡುತ್ತದೆ. ಹೊರಗಿನದಕ್ಕೆ ನಮ್ಮ ಹಿರಿಯರು ದೋಣಿಗೂ ಮಾಡಿಗೂ ಬಳಸುತ್ತಿದ್ದ ಗೇರುಬೀಜದ ಸಿಪ್ಪೆಯ ಎಣ್ಣೆಯೇ ಇದೆ. ಅದು ಚರ್ಮವನ್ನು ಸುಡುತ್ತದೆ; ಬರಿಗೈಯಲ್ಲಿ ಮುಟ್ಟಬಾರದು.

ಮೊಳೆಗಳದೊಂದು ಪೀಡೆ. ಹಿಂದಿನ ಬಡಗಿ ಗೂಟ ಹೊಡೆದಿದ್ದರೂ ನಡುವೆ ಬಂದ ಮೂರು ತಲೆಮಾರು ಪಂಚಾಂಗ, ಲಾಟೀನು, ಅಂಗಿ ತೂಗಲು ಮೊಳೆ ಬಡಿದಿರುತ್ತದೆ. ತಲೆ ಮುರಿದು ಒಳಗೆ ಉಳಿದ ಒಂದು ಮೊಳೆ ಸಾಕು, ಮಿಲ್ಲಿನ ಗರಗಸದ ಹಲ್ಲು ಹೋಗುತ್ತದೆ. ಹಳೆಯ ಮರ ಎಂದೊಡನೆ ಮಿಲ್ಲಿನವರು ತಲೆಯಾಡಿಸುವುದು ಇದೇ ಕಾರಣಕ್ಕೆ. ಬಲವಾದ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ಮರದ ಉದ್ದಕ್ಕೂ ಎಳೆದು, ಎಳೆತ ಕಂಡಲ್ಲಿ ಸೀಮೆಸುಣ್ಣದ ಗುರುತು ಹಾಕಿಕೊಂಡು ಹೋದರೆ ಅವರ ಮುಖ ಸ್ವಲ್ಪ ಅರಳುತ್ತದೆ.

ಬಾಗಿಲುಗಳ ಎತ್ತರದ ಕುರಿತು ಒಂದು ಮಾತು. ಹಳೆಯ ಬಾಗಿಲುಗಳು ಗಿಡ್ಡ, ದಾರಂದಗಳು ದಪ್ಪ. ತಲೆಬಾಗಿ ಒಳಬರುವುದು ಆ ಮನೆಗಳ ಪದ್ಧತಿಯಾಗಿತ್ತು. ಏಳು ಅಡಿಯ ಇಂದಿನ ದಾರಿಗೆ ಅದನ್ನು ಹೊಂದಿಸಲು ಕೆಳಗೆ ತುಂಡು ಸೇರಿಸಿದರೆ ಬಾಗಿಲು ಊರುಗೋಲು ಹಿಡಿದಂತೆ ಕಾಣುತ್ತದೆ. ಮೇಲೆ ಅಡ್ಡಪಟ್ಟಿ ಕೊಟ್ಟು ಗಾಳಿಕಂಡಿ ಇಲ್ಲವೆ ಬಣ್ಣದ ಗಾಜು ಕೂರಿಸುವುದು ಮೇಲು. ಕೋಣೆಗೆ ಗಾಳಿ ಬೆಳಕೂ ಬರುತ್ತದೆ. ಬಾಗಿಲನ್ನು ಊಟದ ಮೇಜಾಗಿಸುವವರು ಕೆತ್ತನೆಯ ತಗ್ಗುಗಳಲ್ಲಿ ಅನ್ನ ಸಾರು ಸೇರುವುದನ್ನು ಮರೆಯುತ್ತಾರೆ. ಮೇಲೊಂದು ಗಾಜು ಬೇಕೇ ಬೇಕು. ಅಗಳಿಯನ್ನೂ ಹಿತ್ತಾಳೆಯ ಚಿಲಕವನ್ನೂ ಕಿತ್ತು ಮಾರದೆ ಅದರಲ್ಲೇ ಉಳಿಸಿಕೊಂಡರೆ ಅದು ಬಾಗಿಲಾಗಿತ್ತೆಂಬುದಾದರೂ ತಿಳಿಯುತ್ತದೆ. ಪಕ್ಕಾಸುಗಳಿಂದ ಬೆಂಚು, ಪುಸ್ತಕದ ಕಪಾಟು, ಮಂಚದ ತಲೆಭಾಗ ಚೆನ್ನಾಗಿ ಬರುತ್ತವೆ. ಮುಚ್ಚಿಗೆಯ ಹಲಗೆಗೆ ಗೋಡೆಯ ಹೊದಿಕೆಯೇ ತಕ್ಕ ಕೆಲಸ. ಗೋಡೆಯಲ್ಲಿ ಪಸೆ ಇದ್ದರೆ ಮಾತ್ರ ಅದನ್ನು ತಾಗಿಸಬಾರದು. ಹಿಂದೆ ರೀಪಿನ ಅಂತರ ಕೊಡಬೇಕು.

ಹಳೆಯ ಬಣ್ಣದ ವಿಷಯದಲ್ಲಿ ಯಾರೂ ಹಗುರವಾಗಿರಬಾರದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗಗಳನ್ನು ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ. ಅದಕ್ಕೆ ಮುಂಚಿನ ಎನಾಮೆಲ್ ಬಣ್ಣ ಬಳಿದ ಬಾಗಿಲು ಕಿಟಕಿಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಅಂಥದನ್ನು ಒಣಗಿದಂತೆಯೇ ಮರಳುಕಾಗದದಿಂದ ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತದೆ, ಮಕ್ಕಳ ಮೈ ಸೇರುತ್ತದೆ. ನೀರು ಹಚ್ಚಿ ಉಜ್ಜಬೇಕು, ಅಂಗಳದಲ್ಲಿ ಕೂತು ಮೂಗುಬಾಯಿ ಮುಚ್ಚಿಕೊಂಡು ಉಜ್ಜಬೇಕು, ಕೆರೆದ ಚೂರುಗಳನ್ನು ಸುಡದೆ ಕಟ್ಟಿಡಬೇಕು. ತೊಟ್ಟಿಲಿಗಂತೂ ಹಳೆಯ ಬಣ್ಣದ ಒಂದು ಗೆರೆಯೂ ಉಳಿಯಬಾರದು. ಆಸ್ಬೆಸ್ಟಾಸ್ ಶೀಟುಗಳನ್ನು ಕಡಿದು ಮತ್ತೆ ಬಳಸುವ ಯೋಚನೆಯನ್ನೇ ಬಿಡಬೇಕು.

ಹಂಚು ನಮ್ಮ ಕರಾವಳಿಯ ಹೆಮ್ಮೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಮೊದಲಾದ ಈ ಕೆಂಪು ಹಂಚು ನೇತ್ರಾವತಿಯ ಜೇಡಿಮಣ್ಣಿನಲ್ಲಿ ಹುಟ್ಟಿ ಸಮುದ್ರದಾಚೆಯ ಮಾಡುಗಳನ್ನೂ ಏರಿತು. ಮಾಡು ಬಿಚ್ಚಿದಾಗ ಹಂಚಿನ ಬೆನ್ನು ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರು, ಮುದ್ರೆ ಕಾಣುತ್ತದೆ. 1865 ಎಂಬ ಅಂಕಿಯನ್ನು ಕಂಡು ಹಂಚಿಗೆ ನೂರೈವತ್ತು ವರ್ಷ ದಾಟಿತೆಂದು ಬೆಲೆ ಏರಿಸುವ ವ್ಯಾಪಾರಿಗಳಿದ್ದಾರೆ. ಅದು ಕಾರ್ಖಾನೆಯ ಹುಟ್ಟಿದ ವರ್ಷ, ಹಂಚಿನದಲ್ಲ.

ಹಳೆಯ ಹಂಚನ್ನು ಆರಿಸುವುದು ಕಿವಿಯ ಕೆಲಸ. ಒಂದು ಕೈಯಲ್ಲಿ ತೂಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಹಂಚು ಗಂಟೆಯಂತೆ ನುಡಿಯುತ್ತದೆ; ಬಿರುಕಿದ್ದರೆ ಒಡಕು ಮಡಕೆಯ ಸದ್ದು. ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಒಂದು ಚದರ ಮೀಟರಿಗೆ ಸುಮಾರು 15 ಹಂಚು ಎಂದು ಲೆಕ್ಕ ಹಾಕಿ, ಒಡೆಯುವುದಕ್ಕೆಂದು ಒಂದಿಷ್ಟು ಹೆಚ್ಚಿಗೆ ತರಬೇಕು. ಬೇರೆ ಬೇರೆ ಕಾರ್ಖಾನೆಯ ಹಂಚುಗಳು ಕಚ್ಚಿನಲ್ಲಿ ಒಂದಕ್ಕೊಂದು ಕೂರುವುದಿಲ್ಲ. ಈ ಸಣ್ಣ ಸಂಗತಿ ಗೊತ್ತಿಲ್ಲದೆ ಎರಡು ಮನೆಗಳ ಹಂಚು ಬೆರೆಸಿದರೆ ಆಟಿ ತಿಂಗಳಿನ ಗಾಳಿಮಳೆ ಬಂದು ತಿಳಿಸಿಕೊಡುತ್ತದೆ.

ಮಾಡಿಗಷ್ಟೇ ಅಲ್ಲ, ತಾರಸಿಗೂ ಹಳೆಯ ಹಂಚು ಬರುತ್ತದೆ. ಬೇಕರ್ ಅವರು ಜನಪ್ರಿಯಗೊಳಿಸಿದ ಈ ವಿಧಾನದ ತರ್ಕ ಸರಳ. ಕಾಂಕ್ರೀಟು ಅದುಮುವ ಭಾರವನ್ನು ತಾಳುತ್ತದೆ, ಎಳೆತವನ್ನು ತಾಳದು. ತಾರಸಿ ಭಾರಕ್ಕೆ ಬಾಗುವಾಗ ಅದರ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ; ಆ ಕೆಳಭಾಗದ ಎಳೆತವನ್ನು ಹೊರುವುದು ಕಬ್ಬಿಣದ ಸರಳು. ಅಂದಮೇಲೆ ಸರಳುಗಳ ನಡುವಿನ ಕಾಂಕ್ರೀಟು ಅಲ್ಲಿ ಸುಮ್ಮನೆ ತೂಗುತ್ತಿರುವ ತೂಕ. ಅದರ ಜಾಗದಲ್ಲಿ ಜೋಡಿ ಜೋಡಿಯಾಗಿ ಹಂಚು ಇಟ್ಟರೆ ಸಿಮೆಂಟು ಉಳಿಯುತ್ತದೆ, ಚಪ್ಪಡಿ ಹಗುರಾಗುತ್ತದೆ, ಎರಡು ಹಂಚಿನ ನಡುವಣ ಗಾಳಿ ಸೆಕೆಯನ್ನು ತಡೆಯುತ್ತದೆ. ಕೆಳಗೆ ಗಿಲಾವು ಮಾಡದೆ ಬಿಟ್ಟರೆ ಛಾವಣಿಯಲ್ಲಿ ಕೆಂಪು ಚೌಕಗಳ ಸಾಲು. ಸರಳಿನ ಲೆಕ್ಕವನ್ನು ಮಾತ್ರ ತಿಳಿದ ಎಂಜಿನಿಯರರಿಂದಲೇ ಮಾಡಿಸಬೇಕು; ಅಂದಾಜಿನಲ್ಲಿ ತಲೆಯ ಮೇಲೆ ಚಪ್ಪಡಿ ಹಾಕಿಕೊಳ್ಳುವುದು ವಿವೇಕವಲ್ಲ.

ಒಡೆದ ಟೈಲ್ಸ್, ಪಿಂಗಾಣಿ, ಬಳೆಚೂರುಗಳಿಂದ ಏನೆಲ್ಲ ಆದೀತೆಂಬುದಕ್ಕೆ ಚಂಡೀಗಢದಲ್ಲಿ ನೇಕ್ ಚಂದ್ ಕಟ್ಟಿದ, 1976ರಲ್ಲಿ ಜನರಿಗೆ ತೆರೆದ ಶಿಲೋದ್ಯಾನವೇ ಸಾಕ್ಷಿ. ನಮ್ಮ ಜಗಲಿಯ ಒಂದು ಪಟ್ಟಿಗೆ ಅಂಗಡಿಯಲ್ಲಿ ಮೂಲೆಗೆ ಬಿದ್ದ ಚೂರುಗಳೇ ಸಾಲುತ್ತವೆ.

ಪಾತ್ರೆಗಳ ವಿಷಯ ಚಿಕ್ಕದಾಗಿ ಹೇಳುವೆ. ಕಲಾಯಿ ಹೋದ ತಾಮ್ರ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬಾರದು. ಗಿಡ ನೆಡಲು, ನೀರಲ್ಲಿ ಹೂವು ತೇಲಿಸಲು ಅದು ಚೆಂದ. ಉಪ್ಪಿನಕಾಯಿಯ ಭರಣಿಗೆ ತೂತು ಕೊರೆದು ದೀಪ ಮಾಡುವುದು ನನಗೆ ಹಿಡಿಸಿದ್ದಲ್ಲ. ಭರಣಿಯಲ್ಲಿ ಇನ್ನೂ ಉಪ್ಪಿನಕಾಯಿ ಹಾಕಬಹುದಲ್ಲ. ರುಬ್ಬುವ ಕಲ್ಲನ್ನು ಹೂದೋಟದಲ್ಲಿ ಮಗುಚಿ ಹಾಕುವವರು ಹಾಕಲಿ. ದೈವದ ಮೊಗ, ಕಡ್ತಲೆ, ಮಂಚದಂಥವು ಮಾತ್ರ ಬೈಠಕ್‌ ಖಾನೆಯ ಗೋಡೆಗೆ ಸೇರಿದ್ದಲ್ಲ. ಕುಟುಂಬ ಒಡೆದರೂ ಅವುಗಳ ಜಾಗ ಸ್ಥಾನವೇ. ನೂರು ವರ್ಷ ಮೀರಿದ ಶಿಲ್ಪ, ಲೋಹದ ವಿಗ್ರಹ, ಕುಸುರಿಯ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯಿದೆಗೆ ಒಳಪಡುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಅಂಗಳಕ್ಕೆ ಬಂದು ದೀಪದ ಕಂಬಕ್ಕೆ ತೂಕದ ಬೆಲೆ ಹೇಳುವ ಅಪರಿಚಿತನಿಗೆ ಇದನ್ನು ನೆನಪಿಸಿದರೆ ಆತ ಬೇಗನೆ ಹೊರಟುಹೋಗುವುದುಂಟು.

ಹಳತಕ್ಕೆ ಬೇಡಿಕೆ ಹೆಚ್ಚಿದಷ್ಟೂ ಒಂದು ಅಪಾಯವೂ ಹೆಚ್ಚುತ್ತಿದೆ. ಬಿದ್ದ ಮನೆಯ ಮರ ಎತ್ತಿಕೊಳ್ಳುವುದು ಬೇರೆ. ಮರಕ್ಕಾಗಿ ಮನೆ ಬೀಳಿಸುವುದು ಬೇರೆ. ಮಾಡು ಗಟ್ಟಿಯಿದ್ದು, ಒಂದೆರಡು ಪಕ್ಕಾಸು ಬದಲಿಸಿದರೆ ಇನ್ನೂ ಮೂವತ್ತು ವರ್ಷ ನಿಲ್ಲಬಹುದಾದ ಮನೆಯನ್ನು ಮೋಪಿನ ಬೆಲೆಯ ಆಸೆಗೆ ಕೆಡಹಿದರೆ, ಬರುವ ಹಣದಲ್ಲಿ ಅದರ ಅರ್ಧದಷ್ಟು ಮನೆಯೂ ಏಳುವುದಿಲ್ಲ. ಕೊಳ್ಳುವವರು ಈ ಬಾಗಿಲು ಎಲ್ಲಿಯದು, ಆ ಮನೆ ಏಕೆ ಬಿತ್ತು ಎಂದು ಕೇಳುವ ರೂಢಿ ಮಾಡಿಕೊಂಡರೆ ಮಾರುವವರೂ ಉತ್ತರ ಇಟ್ಟುಕೊಳ್ಳಬೇಕಾಗುತ್ತದೆ.

ಕೊನೆಯದಾಗಿ ಪೆಟ್ಟಿಗೆಗಳ ಒಳಗಿನದು. ಮರದ ಪೆಟ್ಟಿಗೆಯೊಂದನ್ನು ಕಾಫಿ ಮೇಜಾಗಿಸಲು ಬಡಗಿಗೆ ಒಪ್ಪಿಸುವ ಮೊದಲು ಅದರ ತಳದ ಕಾಗದಗಳನ್ನು ನೋಡುವವರು ಕಡಿಮೆ. 1956ರ ನವೆಂಬರ್ 1ರವರೆಗೆ ಈ ನಾಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಮೂಲಗೇಣಿ, ಚಾಲಗೇಣಿಯ ಚೀಟಿಗಳು, ವರ್ಗದ ಕಡತಗಳು, ಪಾಲುಪಟ್ಟಿಗಳು, ಮದುವೆಯ ಖರ್ಚಿನ ಲೆಕ್ಕ, ಮುಂಬಯಿಯ ಹೋಟೆಲಿಗೆ ದುಡಿಯಲು ಹೋದ ಮಗ ಬರೆದ ಕಾಗದ, ಎಲ್ಲವೂ ಕನ್ನಡದಲ್ಲಿವೆ. ಮಲಯಾಳ ಮಾಧ್ಯಮದಲ್ಲಿ ಓದಿದ ಮೊಮ್ಮಕ್ಕಳಿಗೆ ಅವು ಓದಲಾಗದ ಗೀಟುಗಳು. ಓದಲಾಗದ್ದು ಒಲೆಗೆ ಹೋಗುತ್ತದೆ. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ತುಳು ಲಿಪಿಯ ತಾಳೆಗರಿಗಳನ್ನು ಹುಡುಕಿ ಓದದೇ ಇದ್ದಿದ್ದರೆ 'ಶ್ರೀ ಭಾಗವತೊ'ದಂಥ ಹಳೆಯ ತುಳು ಕಾವ್ಯ ನಮ್ಮ ಕೈ ಸೇರುತ್ತಿರಲಿಲ್ಲ. ಅಂಥ ಗರಿಗಳಿಗೆ ಅಟ್ಟವೇ ಆಸರೆ. ಗರಿಯ ಕಟ್ಟು ಸಿಕ್ಕಿದರೆ ದಾರ ಬಿಚ್ಚಬಾರದು, ಎಣ್ಣೆ ಸವರಬಾರದು, ಬಿಸಿಲಿಗಿಡಬಾರದು. ಒಣ ಬಟ್ಟೆಯಲ್ಲಿ ಸುತ್ತಿಟ್ಟು ಓದಬಲ್ಲವರನ್ನು ಕರೆಯಬೇಕು. ಕಾಗದಗಳನ್ನು ಓದಿಸಲು ದೂರ ಹೋಗಬೇಕಿಲ್ಲ. ಹತ್ತಿರದ ಕನ್ನಡ ಶಾಲೆಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಮಧ್ಯಾಹ್ನ ಕೂತರೆ ಯಾವುದು ಏನೆಂದು ಹೇಳಿಯಾರು.

ಮನೆ ಬಿಚ್ಚುವುದು ಖಚಿತವೇ ಆದರೆ ಮೊದಲ ಹಂಚು ಇಳಿಸುವ ಮುನ್ನ ಎಲ್ಲ ಕೋಣೆಗಳ ಚಿತ್ರ ತೆಗೆದಿಡಬೇಕು, ಚಾವಡಿ, ನಡುಮನೆ, ಅಡಿಗೆಮನೆಗಳ ಅಳತೆ ಬರೆದುಕೊಳ್ಳಬೇಕು. ದಾರಂದದ ಮೇಲೆ ಇಸವಿಯೋ ಹೆಸರೋ ಕೆತ್ತಿದ್ದರೆ ಆ ತುಂಡನ್ನು ಕೀಸದೆ, ಬಣ್ಣ ಬಳಿಯದೆ ಹೊಸ ಮನೆಯ ಬಾಗಿಲ ಮೇಲಕ್ಕೇ ಏರಿಸಬಹುದು. ಮೇಜಾದ ಬಾಗಿಲಿನ, ಬೆಂಚಾದ ತೊಲೆಯ ಅಡಿಭಾಗದಲ್ಲಿ ಯಾವ ಊರಿನ ಯಾವ ಮನೆಯದು, ಬಿಚ್ಚಿದ್ದು ಯಾವ ವರ್ಷ, ಕೆಲಸ ಮಾಡಿದ ಬಡಗಿ ಯಾರು ಎಂದು ಉಳಿಯ ಮೊನೆಯಿಂದ ಎರಡು ಸಾಲು ಕನ್ನಡದಲ್ಲಿ ಕೊರೆಸಿಡಲು ಅರ್ಧ ಗಂಟೆಯ ಕೂಲಿ ಸಾಕು. ಮೋಪು ತರುವವರು ಕುಂಭ, ಮೀನ ಮಾಸಗಳಲ್ಲೇ ತಂದು ನೆರಳಿನಲ್ಲಿ ಎರಡು ತಿಂಗಳು ಗಾಳಿಗೆ ಬಿಡಲಿ. ಮಳೆ ಹಿಡಿದ ಮೇಲೆ ತಂದ ಮರ ಮುಂದಿನ ಬೇಸಗೆಯಲ್ಲಿ ಬಿರಿಯುತ್ತದೆ.